ಹರಕೆ ಕೇಳಿಸಿಕೊಳ್ಳದ ದೇವರು

ಪ್ರಶ್ನೆ: ನನ್ನ ಮಗ ಪೂಜೆಗೆ ಕೂರುವುದಿಲ್ಲ. ನಾಸ್ತಿಕನಾ ಅಂದರೆ ಅಲ್ಲ ಅಂತಾನೆ. ‘ಈ ಜಗತ್ತೇ ದೇವರು, ಬೇರೆ ದೇವರಿಲ್ಲ’ ಅಂತಾನೆ. ಅವನ ಇಂಟರ್‌ವ್ಯೂ ಚೆನ್ನಾಗಿ ಆಗಲಿ ಅಂತ ಧರ್ಮಸ್ಥಳಕ್ಕೆ ಹರಕೆ ಹೊತ್ತರೆ, ‘ಕೇಳಿಸಿಕೊಳ್ಳೋಕೆ ಯಾರಿದ್ದಾರಮ್ಮಾ?’ ಅಂದ. ಇದಕ್ಕೆ ಪ್ಯಾಂಥೀಯಿಸಂ ಅಂತಾರಂತೆ. ನಾಸ್ತಿಕತನಕ್ಕೇ ಇಟ್ಟ ಚೆಂದದ ಹೆಸರಲ್ವಾ ಇದು?
– ಓದುಗರೊಬ್ಬರು, ಸಾಗರ

ಉತ್ತರ: ಅಲ್ಲ. ಆದರೆ ನಿಮ್ಮ ಅನುಮಾನ ಹಳೆಯದು, ಅದರಲ್ಲಿ ಹುರುಳೂ ಇದೆ.

ನಿಮ್ಮ ಮಗನ ಮಾತಿಗೆ ಯುರೋಪಿನಲ್ಲಿ ಗಟ್ಟಿ ರೂಪ ಕೊಟ್ಟವನು ಸ್ಪಿನೋಜಾ ಅನ್ನುವ ತತ್ವಜ್ಞಾನಿ. 1632ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಹೂದಿ ಮನೆಯಲ್ಲಿ ಹುಟ್ಟಿದವನು. 23 ವರ್ಷಕ್ಕೇ ಅವನ ಸಮುದಾಯ ಬಹಿಷ್ಕಾರ ಹಾಕಿತು. ಅವನೊಡನೆ ಮಾತಾಡಕೂಡದು, ಅವನು ಬರೆದದ್ದು ಓದಕೂಡದು, ಅವನಿಂದ ನಾಲ್ಕು ಮೊಳದೊಳಗೆ ಯಾರೂ ಸುಳಿಯಕೂಡದು. ಆಮೇಲೆ ಅವನು ಗಾಜಿನ ಲೆನ್ಸ್ ಉಜ್ಜುವ ಕೆಲಸ ಮಾಡುತ್ತಾ, ಬರೆಯುತ್ತಾ ಬದುಕಿದ. ಮುಖ್ಯ ಪುಸ್ತಕ ‘ಎಥಿಕ್ಸ್’ ಅಚ್ಚಾಗಿದ್ದು ಅವನು ತೀರಿಕೊಂಡ ಮೇಲೆ, 1677ರಲ್ಲಿ.

ನೀವು ನಂಬುವ ದೇವರು ಜಗತ್ತನ್ನು ಮಾಡಿದವನು, ಅದಕ್ಕಿಂತ ಬೇರೆಯವನು, ನಿಮ್ಮ ಮಾತು ಕೇಳುವವನು. ನಾಸ್ತಿಕ ಅಂಥವನಿಲ್ಲ ಅನ್ನುತ್ತಾನೆ. ಅಲ್ಲಿಯವರೆಗೆ ನಿಮ್ಮ ಮಗನೂ ಹೌದು ಅಂತಾನೆ. ಆಮೇಲೆ ಇಬ್ಬರ ದಾರಿ ಬೇರೆ. ನಾಸ್ತಿಕನಿಗೆ ಜಗತ್ತು ಇದೆ, ಅಷ್ಟೇ. ನಿಮ್ಮ ಮಗನಿಗೆ ಕಲ್ಲು, ನೀರು, ನೀವು, ಅವನು ಎಲ್ಲ ಸೇರಿ ಒಂದೇ ವಸ್ತು, ಅದರ ಹೊರಗೆ ಏನೂ ಇಲ್ಲ, ಕೈ ಮುಗಿಯುವುದಾದರೆ ಅದಕ್ಕೇ ಮುಗಿಯಬೇಕು.

ಸ್ಪಿನೋಜಾ ಕೊಡುವ ಒಂದು ಉದಾಹರಣೆ ನೋಡಿ. ಮಾಡಿನಿಂದ ಕಲ್ಲೊಂದು ಬಿದ್ದು ದಾರಿಹೋಕ ಸತ್ತ. ಜನ ದೇವರ ಇಚ್ಛೆ ಅಂತಾರೆ. ಗಾಳಿ ಬೀಸಿತು, ಅವನು ಆ ಹೊತ್ತಿಗೆ ಅಲ್ಲಿ ನಡೆದು ಹೋಗುತ್ತಿದ್ದ ಅಂದರೂ ಬಿಡುವುದಿಲ್ಲ. ಗಾಳಿ ಯಾಕೆ ಆಗಲೇ ಬೀಸಿತು, ಅವನು ಯಾಕೆ ಆಗಲೇ ಹೊರಟ, ಅಂತ ಕೇಳುತ್ತಾ ಕೇಳುತ್ತಾ ಕೊನೆಗೆ ದೇವರ ಇಚ್ಛೆಗೇ ತಂದು ನಿಲ್ಲಿಸುತ್ತಾರೆ. ಅದನ್ನು ಸ್ಪಿನೋಜಾ ಅಜ್ಞಾನದ ಆಸರೆ ಅಂತ ಕರೆದ. ಅವನ ಪ್ರಕಾರ ಕಲ್ಲು ಬಿದ್ದ ನಿಯಮವೇ ದೇವರ ಸ್ವಭಾವ. ಅದು ಯಾರಿಗಾಗಿಯೂ ಬಗ್ಗುವುದಿಲ್ಲ. ದೇವರನ್ನು ಪ್ರೀತಿಸುವವನು ದೇವರೂ ತನ್ನನ್ನು ಪ್ರೀತಿಸಲಿ ಅಂತ ಬಯಸಲಾರ ಅಂತಲೂ ಬರೆದ. ಹರಕೆಯ ವಿಷಯದಲ್ಲಿ ನಿಮ್ಮ ಮಗ ಹೇಳಿದ್ದು ಇದನ್ನೇ.

1929ರಲ್ಲಿ ನ್ಯೂಯಾರ್ಕಿನ ರಬ್ಬಿಯೊಬ್ಬರು (ಯಹೂದಿ ಧರ್ಮಗುರು) ಐನ್‌ಸ್ಟೈನ್‌ಗೆ ತಂತಿ ಕಳಿಸಿ ‘ದೇವರನ್ನು ನಂಬುತ್ತೀರಾ’ ಅಂತ ಕೇಳಿದಾಗ, ಅವರೂ ಸ್ಪಿನೋಜಾನ ದೇವರನ್ನು ನಂಬುತ್ತೇನೆ, ಮನುಷ್ಯರ ಆಗುಹೋಗು ನೋಡಿಕೊಳ್ಳುವ ದೇವರನ್ನಲ್ಲ ಅಂತ ಉತ್ತರಿಸಿದ್ದರು.

ನಮ್ಮಲ್ಲೂ ಇದೇ ಮಾತಿದೆ, ಅಕ್ಕಮಹಾದೇವಿ ‘ವನವೆಲ್ಲಾ ನೀವೆ’ ಅಂದಿಲ್ವಾ ಅಂತ ತುಂಬ ಜನ ಹೇಳುತ್ತಾರೆ. ಅಂದಿದ್ದಾಳೆ. ಆದರೆ ಅದೇ ವಚನದಲ್ಲಿ ಮುಖ ತೋರಿಸು ಅಂತ ಚೆನ್ನಮಲ್ಲಿಕಾರ್ಜುನನನ್ನು ಕೇಳುತ್ತಾಳೆ. ಅಲ್ಲಿ ಅವಳ ಮೊರೆಗೆ ಓಗೊಡಬಲ್ಲವನೊಬ್ಬ ಇದ್ದಾನೆ. ಸ್ಪಿನೋಜಾನ ದೇವರಿಗೆ ತೋರಿಸಲು ಮುಖವೇ ಇಲ್ಲ. ಈ ವ್ಯತ್ಯಾಸ ಚಿಕ್ಕದಲ್ಲ, ಎರಡನ್ನೂ ಒಂದೇ ಅಂದುಬಿಟ್ಟರೆ ಅಕ್ಕನ ಹಂಬಲವನ್ನೇ ಅಳಿಸಿದ ಹಾಗೆ.

ನಿಮ್ಮ ದೇವರು ಕೇಳಿಸಿಕೊಳ್ಳುವ ದೇವರು, ಹರಕೆ ತೀರಿಸಿ ಬನ್ನಿ. ಮಗನನ್ನು ಮಾತ್ರ ನಾಸ್ತಿಕ ಅನ್ನಬೇಡಿ. ಬದಲಿಗೆ ಹೀಗೆ ಕೇಳಿ: ಎಲ್ಲವೂ ದೇವರಾದರೆ, ಮಗುವಿಗೆ ಬರುವ ಕ್ಯಾನ್ಸರೂ ದೇವರೇನಾ? ಅವನ ವಾದಕ್ಕೆ ನಿಜವಾಗಿ ಕಷ್ಟ ಕೊಡುವ ಪ್ರಶ್ನೆ ಇದು. ಒಳ್ಳೆಯದು ಕೆಟ್ಟದ್ದು ಅನ್ನುವುದು ನಮ್ಮ ಅಳತೆ, ಪ್ರಕೃತಿಗೆ ಆ ಅಳತೆ ಇಲ್ಲ ಅಂತ ಸ್ಪಿನೋಜಾ ಹೇಳುತ್ತಾನೆ. ಎಷ್ಟು ಸಲ ಓದಿದರೂ ನನಗೆ ಆ ಉತ್ತರ ಸಾಕಾಗಿಲ್ಲ. ನಿಮ್ಮ ಮಗ ಏನಂದ ಅಂತ ಬರೆದು ತಿಳಿಸಿ.