ಗೋಡೆ ಉಳಿಸಬಹುದು, ಪಕಾಸು ಹಾಗಲ್ಲ

ಶಿರಸಿಯ ಹೆಂಚಿನ ಮನೆ ಅರ್ಧ ಸುಟ್ಟಿದೆ, ಚಿರೇಕಲ್ಲಿನ ಗೋಡೆ ನಿಂತಿದೆ, ಅದರ ಮೇಲೇ ಮಾಡು ಕೂರಿಸಬಹುದೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಹೌದು. ಆದರೆ ಪಂಚನಾಮೆ ಆಗುವವರೆಗೆ, ವಿಮೆ ಇದ್ದರೆ ಸರ್ವೇಯರ್ ಬಂದು ಹೋಗುವವರೆಗೆ ಒಂದು ಹೆಂಚನ್ನೂ ಕದಲಿಸಬೇಡಿ.

ಮೊದಲು ಸುಟ್ಟ ಕಡೆಯ ಗಿಲಾಯಿ (ಪ್ಲಾಸ್ಟರ್) ಪೂರ್ತಿ ಕೆತ್ತಿಸಿ. ಸಂದುಗಳಿಗೆ ಮೊಳೆ ಚುಚ್ಚಿ ನೋಡಿ. ಗಾರೆ ಪುಡಿಯಾಗಿ ಉದುರಿದರೆ, ಅಥವಾ ತೂಗುಗುಂಡು ಬಿಟ್ಟಾಗ ಗೋಡೆ ವಾಲಿದ್ದು ಕಂಡರೆ, ಅಷ್ಟು ಭಾಗ ಬಿಚ್ಚಿ ಕಟ್ಟಬೇಕು. ಬಾಗಿಲು, ಕಿಟಕಿಗಳ ಮೇಲಿನ ಕಾಂಕ್ರೀಟ್ ಲಿಂಟಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಸುಮಾರು 300 ಡಿಗ್ರಿ ಕಾದಿದೆ ಎಂದರ್ಥ, ಬದಲಿಸಿ.

ಮೋಸ ಹೋಗುವುದು ಮರದಲ್ಲಿ. ಇದ್ದಿಲು ಹೆರೆದ ಮೇಲೂ ಅದರಡಿಯ 6–7 ಮಿ.ಮೀ. ಮರವನ್ನು ಲೆಕ್ಕಕ್ಕೆ ಹಿಡಿಯಬೇಡಿ. 3 ಇಂಚಿನ ಚೌಕದ ಪಕಾಸು (ಮಾಡಿನ ಇಳಿಜಾರಿಗೆ ಕೂರಿಸುವ ಮರ) ನಾಲ್ಕೂ ಮೈಯಲ್ಲಿ ಅರ್ಧರ್ಧ ಇಂಚು ಕಳೆದುಕೊಂಡರೆ ಉಳಿಯುವುದು 2 ಇಂಚು. ಬಾಗದೆ ಹೊರುವ ಬಲ ಮಾತ್ರ ಮೊದಲಿದ್ದುದರ ಮೂರನೇ ಒಂದಕ್ಕಿಂತ ಕಡಿಮೆ ಉಳಿಯುತ್ತದೆ. ದಪ್ಪ ತೊಲೆ ಉಳಿದೀತು, ಪಕಾಸು ಮತ್ತು ಹೆಂಚು ಕೂರುವ ರೀಪು ಹೊಸತೇ ಇರಲಿ. ಕಾದ ಹೆಂಚಿಗೆ ನೀರು ಬಿದ್ದು ಸಣ್ಣ ಬಿರುಕು ಬಂದಿರುತ್ತದೆ: ತಟ್ಟಿದಾಗ ಠಣ್ ಎನ್ನದ್ದನ್ನು ಬಿಸಾಡಿ.

ಸುಡದ ಕೋಣೆಯದೂ ಸೇರಿ ವೈರಿಂಗ್ ಪೂರ್ತಿ ಹೊಸದು. ಜೂನ್ ಒಳಗೆ ಮಾಡು ಏರದಿದ್ದರೆ ಗೋಡೆಯ ತಲೆಗೆ ತಾಡಪಾಲು ಬಿಗಿಯಿರಿ. ಚಿರೇಕಲ್ಲು ನೀರು ಕುಡಿಯುತ್ತದೆ, ಮಣ್ಣಿನ ಗಾರೆಯಾದರೆ ಕರಗಿಯೇ ಹೋಗುತ್ತದೆ.