ಒಂದು ವರ್ಷ ಮನೆಯಲ್ಲೇ ಕೂತು ನೀಟ್‌ಗೆ ಓದಲಾ?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ರೇಷ್ಮೆ ಸಾಕುತ್ತೇವೆ. ಹತ್ತನೇ ಕ್ಲಾಸಿನವರೆಗೂ ಊರಿನ ಕನ್ನಡ ಶಾಲೆ. ಈ ವರ್ಷ ಪಿಸಿಎಂಬಿ ತಗೊಂಡು ಸೆಕೆಂಡ್ ಪಿಯುಸಿ ಮುಗಿಸಿದೆ, ಶೇ. 86 ಬಂತು. ನೀಟ್‌ನಲ್ಲಿ 720ಕ್ಕೆ 342 ಬಂದಿದೆ. ಬಯಾಲಜಿ 210, ಕೆಮಿಸ್ಟ್ರಿ 84, ಫಿಸಿಕ್ಸ್ 48. ಬೆಂಗಳೂರಿನ ಕೋಚಿಂಗ್‌ಗೆ ಕಳಿಸುವ ಶಕ್ತಿ ಅಪ್ಪನಿಗಿಲ್ಲ. ಒಂದು ವರ್ಷ ಮನೆಯಲ್ಲೇ ಓದಿ ಮತ್ತೆ ಬರೀತೀನಿ ಅಂದ್ರೆ, "ಮನೇಲಿ ಕೂತ ಹುಡುಗಿ ಓದಿದ ಹಾಗೇ" ಅಂತಾರೆ ನಮ್ಮತ್ತೆ. ಸಿಇಟಿ ಕೂಡ ಬರೆದಿದ್ದೀನಿ. ಏನು ಮಾಡ್ಲಿ?
- ಹೆಸರು ಬೇಡ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ನೋಡಮ್ಮ, ಅತ್ತೆ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡು. ಮೊದಲು ನೀನು ಉತ್ತರ ತುಂಬಿದ ಓಎಂಆರ್ ಹಾಳೆ ತೆಗೆ. ನೀಟ್ ವೆಬ್‌ಸೈಟಿನಲ್ಲಿ ಅದರ ಪ್ರತಿಯನ್ನೂ ಕೀ ಉತ್ತರವನ್ನೂ ಹಾಕುತ್ತಾರೆ. ಎರಡನ್ನೂ ಪ್ರಶ್ನೆಪತ್ರಿಕೆ ಜೊತೆ ಇಟ್ಟುಕೊಂಡು ಒಂದೊಂದೇ ಪ್ರಶ್ನೆ ನೋಡುತ್ತಾ ಹೋಗು. ತಪ್ಪಾದ ಪ್ರತಿಯೊಂದರ ಮುಂದೆ ಮೂರರಲ್ಲಿ ಒಂದು ಗುರುತು ಹಾಕು: ಪಾಠವೇ ಗೊತ್ತಿರಲಿಲ್ಲ, ಗೊತ್ತಿದ್ದೂ ಎಡವಿದೆ, ಸುಮ್ನೆ ಊಹಿಸಿ ತುಂಬಿದೆ. ಎರಡು ದಿನ ಹಿಡಿದರೂ ಪರವಾಗಿಲ್ಲ. ನಿನ್ನ ಪ್ರಶ್ನೆಗೆ ನಿಜವಾದ ಉತ್ತರ ಆ ಹಾಳೆಯಲ್ಲೇ ಇದೆ.

ಯಾಕೆ ಅಂತ ಹೇಳ್ತೀನಿ. ಫಿಸಿಕ್ಸ್‌ನಲ್ಲಿ 45 ಪ್ರಶ್ನೆ. ಸರಿಯಾದರೆ 4 ಅಂಕ, ತಪ್ಪಾದರೆ 1 ಅಂಕ ಹೋಗುತ್ತೆ. 18 ಸರಿ, 24 ತಪ್ಪು, 3 ಖಾಲಿ ಬಿಟ್ಟರೂ 48 ಬರುತ್ತೆ. 12 ಮಾತ್ರ ಸರಿ ಮಾಡಿ ಉಳಿದದ್ದನ್ನೆಲ್ಲ ಖಾಲಿ ಬಿಟ್ಟರೂ 48 ಬರುತ್ತೆ. ಅಂಕ ಒಂದೇ, ಆದರೆ ಮುಂದೆ ಮಾಡಬೇಕಾದ ಕೆಲಸ ಬೇರೆ ಬೇರೆ ಅಲ್ವಾ? ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವಾಗ ವರ್ಷ ವರ್ಷವೂ ಇದನ್ನು ನೋಡಿದ್ದೇನೆ. ಮೇಲಕ್ಕೆ ಎಸೆದ ಚೆಂಡು ತುತ್ತತುದಿ ಮುಟ್ಟಿದಾಗ ಅದರ ವೇಗೋತ್ಕರ್ಷ ಎಷ್ಟು ಅಂತ ಕೇಳಿದರೆ, ಚೆನ್ನಾಗಿ ಓದಿದ ಮಕ್ಕಳೂ ಸೊನ್ನೆ ಅಂತ ಬರೆಯುತ್ತಾರೆ. ಸೊನ್ನೆ ಆಗೋದು ವೇಗ. ವೇಗೋತ್ಕರ್ಷ ಆಗಲೂ ಕೆಳಮುಖವಾಗಿ 9.8 ಇದ್ದೇ ಇರುತ್ತೆ. ಇಂಥ ತಪ್ಪು ಪುಸ್ತಕವನ್ನು ಹತ್ತು ಸಲ ಓದಿದರೂ ಹೋಗುವುದಿಲ್ಲ. ಯಾರಾದರೂ ಎದುರು ಕೂತು "ಯಾಕೆ?" ಅಂತ ಕೇಳಬೇಕು.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಎಡವಿದ್ದು, ಊಹಿಸಿದ್ದೇ ಜಾಸ್ತಿ ಇದ್ದರೆ ಮನೆಯಲ್ಲೇ ಒಂದು ವರ್ಷ ಓದು, ನಾನು ನಿನ್ನ ಪರ. ಪಾಠವೇ ಗೊತ್ತಿಲ್ಲದ್ದು ಅರ್ಧಕ್ಕಿಂತ ಹೆಚ್ಚಿದ್ದರೆ, ಸಿಇಟಿಯಲ್ಲಿ ಸಿಗುವ ಸೀಟನ್ನು ಬಿಡಬೇಡ. 342ಕ್ಕೂ ಸರ್ಕಾರಿ ಮೆಡಿಕಲ್ ಸೀಟಿಗೂ ಅಂತರ ದೊಡ್ಡದು. ಎರಡು ವರ್ಷದ ಫಿಸಿಕ್ಸನ್ನು ಒಬ್ಬಳೇ ಮೊದಲಿಂದ ಕಲಿತು ಆ ಅಂತರ ತುಂಬುವುದು ತುಂಬಾ ಕಷ್ಟ.

ಮನೆಯಲ್ಲಿ ಓದುವುದಾದರೆ ಬಯಾಲಜಿಯಿಂದ ಶುರು ಮಾಡು. 360 ಅಂಕ ಅದಕ್ಕೇ ಇದೆ, ಎನ್‌ಸಿಇಆರ್‌ಟಿ ಪುಸ್ತಕ ಇಟ್ಟುಕೊಂಡು ಒಬ್ಬಳೇ ಓದಬಹುದಾದ ವಿಷಯವೂ ಅದೇ. ಪುಸ್ತಕಗಳು ಎನ್‌ಸಿಇಆರ್‌ಟಿ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಫಿಸಿಕ್ಸ್‌ಗೆ ಮಾತ್ರ ವಾರಕ್ಕೊಂದು ದಿನ ನಿನ್ನ ಕಾಲೇಜಿನ ಲೆಕ್ಚರರ್ ಹತ್ತಿರ ಹೋಗು. ಸಂಕೋಚ ಬೇಡ. ಹಳೇ ವಿದ್ಯಾರ್ಥಿ ಪ್ರಶ್ನೆ ಹಿಡಿದುಕೊಂಡು ಬಂದರೆ ಮೇಷ್ಟ್ರಿಗೆ ಆಗುವ ಖುಷಿ ನಿನಗೆ ಗೊತ್ತಿಲ್ಲ.

ಇನ್ನು ರೇಷ್ಮೆ ವಿಷಯ. ನಿನ್ನ ಟೈಮ್‌ಟೇಬಲನ್ನು ಕ್ಯಾಲೆಂಡರ್ ನೋಡಿ ಹಾಕಬೇಡ, ಬೆಳೆ ನೋಡಿ ಹಾಕು. ಹುಳು ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಮೇಲಿನ ವಾರದಲ್ಲಿ ಮನೆಯವರೆಲ್ಲ ಸೊಪ್ಪಿನ ಹಿಂದೆಯೇ ಇರುತ್ತೀರಿ. ಇಡೀ ಬೆಳೆಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಸೊಪ್ಪನ್ನು ಹುಳು ತಿನ್ನೋದೇ ಆಗ. ಆ ವಾರ ಹೊಸ ಪಾಠ ಹಿಡಿಯಬೇಡ. ಓದಿದ್ದನ್ನೇ ತಿರುಗಿಸು, ಕೆಲಸದ ನಡುವೆ ಬಯಾಲಜಿ ಪ್ರಶ್ನೆ ನೋಡು, ಸಾಕು. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲೆ ಸಿಗುವ ದಿನಗಳು ಪೂರ್ತಿ ನಿನ್ನವು. ಅವನ್ನು ಫಿಸಿಕ್ಸ್‌ಗೂ ಮೂರು ಗಂಟೆಯ ಪೂರ್ಣ ಪರೀಕ್ಷೆಗೂ ಇಡು. ಇದನ್ನು ಅಪ್ಪ ಅಮ್ಮನ ಎದುರು ಕೂತು ಈಗಲೇ ಮಾತಾಡಿಕೋ. ಮನೆಯಲ್ಲಿ ಓದುವ ಹೆಣ್ಣುಮಕ್ಕಳ ಸಮಯ ಎಲ್ಲರಿಗೂ ಸೇರಿದ್ದು ಅನ್ನೋ ಹಾಗೆ ಆಗಿಬಿಡುತ್ತೆ. ನನಗೆ ನಿನ್ನ ಬಗ್ಗೆ ಇರುವ ದೊಡ್ಡ ಆತಂಕ ಅದೇ.

ಸಿಇಟಿ ಆಪ್ಷನ್ ಎಂಟ್ರಿಯನ್ನು (ಬೇಕಾದ ಕಾಲೇಜು, ಕೋರ್ಸು ನಮೂದಿಸೋದು) ಮಾತ್ರ ಯಾವ ಕಾರಣಕ್ಕೂ ಬಿಡಬೇಡ. ಕೃಷಿ ಕೋರ್ಸುಗಳ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರುತ್ತೆ. ನಿನ್ನ 86 ಅಲ್ಲಿ ಕೈಹಿಡಿಯುತ್ತೆ. ಚಿಂತಾಮಣಿಯಲ್ಲಿ ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕೃಷಿ ಕಾಲೇಜಿದೆ, ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ. ಹುಳು ಸಾಕಿದ ಮನೆಯ ಹುಡುಗಿಗೆ ಅಲ್ಲಿ ಕಲಿಯೋದು ಬೇಕಾದಷ್ಟಿದೆ. ಒಮ್ಮೆ ಹೋಗಿ ನೋಡಿಕೊಂಡು ಬಾ. ಅಲ್ಲಿಗೆ ಸೇರಿ ಪಕ್ಕದಲ್ಲೇ ನೀಟ್‌ಗೂ ಓದ್ತೀನಿ ಅನ್ನಬೇಡ. ಎರಡೂ ಕೆಡುತ್ತೆ.

1ರಿಂದ 10ರವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದೀಯ. ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮದ ಕೋಟಾ ಶೇ. 5 ಇದೆ. ಎರಡಕ್ಕೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಬೇಕು. ಮಾಡಿಸಿಟ್ಟುಕೊಂಡಿದ್ದೀಯಾ?

ಪ್ರಶ್ನೆ: ಮಗ ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಫೇಲಾಗಿದ್ದಾನೆ. ಒಂದು ವರ್ಷ ಹಾಳಾಯಿತಾ? ಮೆಕ್ಯಾನಿಕ್ ಕೆಲಸ ಅಂದ್ರೆ ಅವನಿಗೆ ಪ್ರಾಣ.
- ಒಬ್ಬ ತಂದೆ, ಬಾಗೇಪಲ್ಲಿ

ಉತ್ತರ: ಹಾಳಾಗಿಲ್ಲ ಸ್ವಾಮಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಗಣಿತವನ್ನಷ್ಟೇ ಮತ್ತೆ ಬರೆದು ಪಾಸಾದರೆ ಇದೇ ವರ್ಷ ಮುಂದಕ್ಕೆ ಸೇರಬಹುದು. ಪಾಸಾದ ಮೇಲೆ ಪಿಯು ಸೈನ್ಸ್‌ಗೇ ಹೋಗು ಅಂತ ಒತ್ತಾಯ ಬೇಡ. ಮೂರು ವರ್ಷದ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾ ಆದವರ ಸಿಇಟಿ) ಬರೆದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಪ್ರವೇಶ ಸಿಗುತ್ತೆ. ಈಗ ಮಾತ್ರ ಹಳೇ ಪ್ರಶ್ನೆಪತ್ರಿಕೆ ಕೊಟ್ಟು ದಿನಕ್ಕೊಂದು ಬಿಡಿಸಲು ಹೇಳಿ. ರಾತ್ರಿ ನೀವೂ ಪಕ್ಕದಲ್ಲಿ ಕೂತಿರಿ.