ಒಂದೇ ಕೋಣೆಯ ಸೆರೆಕಥೆಗಳು ನಮ್ಮನ್ನು ಹಿಡಿದು ಕೂರಿಸುವುದು ಹೇಗೆ?

ಒಬ್ಬನೇ ಮನುಷ್ಯ ಒಂದೇ ಇಕ್ಕಟ್ಟಾದ ಜಾಗದಲ್ಲಿ ಸೆರೆಯಾಗಿರುವ ಥ್ರಿಲ್ಲರ್‌ಗಳು ಬೇಸರ ಹುಟ್ಟಿಸದೆ ಕೊನೆಯವರೆಗೆ ಹೇಗೆ ಸಾಗುತ್ತವೆ, 'ತಪ್ಪಿಸಿಕೊಳ್ಳುತ್ತಾನೋ ಇಲ್ಲವೋ' ಎಂಬ ಕುತೂಹಲವೊಂದೇ ಅವುಗಳ ಬಂಡವಾಳವೇ, ಹೊಸದಾಗಿ ನೋಡುವವರು ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಈ ಬಗೆಯ ಸಿನಿಮಾ ಮತ್ತು ಕಾದಂಬರಿಗಳನ್ನು ಹುಡುಕಿಕೊಂಡು ಹೋಗುವ ಚಟ ನನಗಿದೆ. ಆ ಬಲದ ಮೇಲೆ ಹೇಳುವುದಾದರೆ, ತಪ್ಪಿಸಿಕೊಳ್ಳುತ್ತಾನೋ ಇಲ್ಲವೋ ಎಂಬ ಪ್ರಶ್ನೆಗೆ ಇಂಥ ಕಥೆಗಳಲ್ಲಿ ನೀವು ಅಂದುಕೊಂಡಷ್ಟು ಬೆಲೆಯಿಲ್ಲ. ನಮ್ಮನ್ನು ಹಿಡಿದಿಡುವುದು ಲೆಕ್ಕ: ಒಳಗೆ ಎಷ್ಟು ಬೆಳಕು ಉಳಿದಿದೆ, ಎಷ್ಟು ನೀರು ಉಳಿದಿದೆ, ಕೈಗೆ ಯಾವ ವಸ್ತು ಸಿಕ್ಕಿದೆ, ಅದರಿಂದ ಏನು ಮಾಡಬಹುದು, ಹಾಗೆ ಮಾಡುವಾಗ ಎಷ್ಟು ಸದ್ದಾಗುತ್ತದೆ. ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಇಟ್ಟ ಕೃತಿ ನಿಲ್ಲುತ್ತದೆ. ಲೆಕ್ಕ ತಪ್ಪಿಸಿದ ಕೃತಿ ಎಷ್ಟೇ ಚೀರಾಡಿದರೂ ಅರ್ಧದಲ್ಲೇ ಸೋಲುತ್ತದೆ.

ಇದಕ್ಕೆ ನನ್ನ ಬಳಿಯಿರುವ ಬಲವಾದ ಸಾಕ್ಷಿ ಫ್ರೆಂಚ್ ನಿರ್ದೇಶಕ ರೊಬೇರ್ ಬ್ರೆಸೋನ್ 1956ರಲ್ಲಿ ತೆಗೆದ 'ಎ ಮ್ಯಾನ್ ಎಸ್ಕೇಪ್ಡ್'. ಮರಣದಂಡನೆಗೆ ಗುರಿಯಾದವನೊಬ್ಬ ತಪ್ಪಿಸಿಕೊಂಡ ಎಂದು ಫ್ರೆಂಚ್ ಶೀರ್ಷಿಕೆಯೇ ಮೊದಲಿಗೆ ಹೇಳಿಬಿಡುತ್ತದೆ. ಟಿಕೆಟ್ ಕೊಳ್ಳುವಾಗಲೇ ಅಂತ್ಯ ಗೊತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸ್ ಜರ್ಮನರ ವಶದಲ್ಲಿದ್ದಾಗ, 1943ರಲ್ಲಿ, ಲಿಯೋನ್ ನಗರದ ಮೋಂಲ್ಯುಕ್ ಸೆರೆಮನೆಯಿಂದ ತಪ್ಪಿಸಿಕೊಂಡ ಆಂದ್ರೆ ದೆವಿನ್ಯಿ ಎಂಬ ಪ್ರತಿರೋಧ ಹೋರಾಟಗಾರನ ನೆನಪುಗಳೇ ಇದರ ಮೂಲ. ಬ್ರೆಸೋನ್ ಸ್ವತಃ ಯುದ್ಧಕೈದಿಯಾಗಿದ್ದವರು. ಮುಖ್ಯ ಪಾತ್ರಕ್ಕೆ ಅವರು ವೃತ್ತಿಪರ ನಟನನ್ನು ತೆಗೆದುಕೊಳ್ಳದೆ ಫ್ರಾನ್ಸ್ವಾ ಲೆತೆರಿಯೆ ಎಂಬ ತತ್ತ್ವಶಾಸ್ತ್ರದ ವಿದ್ಯಾರ್ಥಿಯನ್ನು ಆರಿಸಿಕೊಂಡರು. ಈ ಚಿತ್ರಕ್ಕಾಗಿ 1957ರ ಕಾನ್ ಚಿತ್ರೋತ್ಸವದಲ್ಲಿ ಅವರಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂತು.

ಅಂತ್ಯ ಗೊತ್ತಿದ್ದೂ ಈ ಚಿತ್ರವನ್ನು ನೋಡುವಾಗ ಉಸಿರು ಬಿಗಿಹಿಡಿಯುತ್ತೇವೆ. ಏಕೆಂದರೆ ಕ್ಯಾಮೆರಾ ಹೆಚ್ಚಿನ ಹೊತ್ತು ಕೈದಿಯ ಮುಖಕ್ಕಿಂತ ಅವನ ಕೈಗಳ ಮೇಲಿರುತ್ತದೆ. ಫೋಂತೆನ್ ಎಂಬ ಆ ಕೈದಿ ತನ್ನ ಕೋಣೆಯ ಬಾಗಿಲನ್ನು ದಿನವೂ ನೋಡುತ್ತಾ ಕುಳಿತವನು ಒಂದು ಸಂಗತಿಯನ್ನು ಗಮನಿಸುತ್ತಾನೆ: ಹಲಗೆಗಳು ಗಟ್ಟಿಯಾದ ಓಕ್ ಮರದವು, ಆದರೆ ಅವುಗಳನ್ನು ಜೋಡಿಸಿರುವ ಸಂದಿನ ಪಟ್ಟಿಗಳು ಮೆತ್ತನೆಯ ಮರದವು. ಊಟದ ಜೊತೆ ಬಂದ ಕಬ್ಬಿಣದ ಚಮಚವೊಂದನ್ನು ಉಳಿಸಿಕೊಂಡು, ಅದರ ಹಿಡಿಯನ್ನು ನೆಲಕ್ಕೆ ಉಜ್ಜಿ ಉಜ್ಜಿ ಉಳಿಯನ್ನಾಗಿ ಮಾಡಿಕೊಂಡು, ಆ ಸಂದಿಯನ್ನು ಕೂದಲೆಳೆಯಷ್ಟೇ ಕೊರೆಯುತ್ತಾ ಹೋಗುತ್ತಾನೆ. ಕೊರೆದ ಪುಡಿ ಬಾಗಿಲ ಹೊರಗೆ ಬಿದ್ದರೆ ಕಾವಲುಗಾರನಿಗೆ ಕಾಣುತ್ತದೆ. ಪೊರಕೆಯ ಕಡ್ಡಿಯಿಂದ ಅದನ್ನು ಒಳಕ್ಕೆ ಎಳೆದುಕೊಳ್ಳಬೇಕು. ಕೊರೆದ ಜಾಗದ ಹೊಸ ಮರ ಬೆಳ್ಳಗೆ ಕಾಣುತ್ತದೆ, ಅದನ್ನೂ ಮರೆಮಾಚಬೇಕು. ಒಂದು ತೊಂದರೆ ನೀಗಿತು ಎನ್ನುವಷ್ಟರಲ್ಲಿ ಆ ಪರಿಹಾರದಿಂದಲೇ ಇನ್ನೊಂದು ತೊಂದರೆ ಹುಟ್ಟುತ್ತದೆ, ಮತ್ತು ನಾವು ಅವನೊಂದಿಗೆ ಕೂತು ಯೋಚಿಸಲು ತೊಡಗುತ್ತೇವೆ. ಹಗ್ಗಕ್ಕೆ ಮಂಚದ ತಂತಿ ಮತ್ತು ಹರಿದ ಬಟ್ಟೆ, ಕೊಕ್ಕೆಗೆ ಲಾಂದ್ರದ ಚೌಕಟ್ಟು. ಕೊಕ್ಕೆ ಬೇಕೇ ಬೇಕು ಎಂಬುದು ಅವನಿಗೆ ತಿಳಿಯುವ ಬಗೆಯಂತೂ ಕರುಳು ಹಿಂಡುತ್ತದೆ: ಅವನಿಗಿಂತ ಮೊದಲು ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದ ಇನ್ನೊಬ್ಬ ಕೈದಿ ಸಾಯುವ ಮುನ್ನ ಆ ಮಾತನ್ನು ದಾಟಿಸಿರುತ್ತಾನೆ. ಆ ಕೊಕ್ಕೆಯ ಲೆಕ್ಕದಲ್ಲಿ ಒಂದು ಜೀವವೂ ಸೇರಿದೆ.

ಎಲ್ಲ ಸಿದ್ಧತೆ ಮುಗಿಯುವ ಹೊತ್ತಿಗೆ ಅವನ ಕೋಣೆಗೆ ಹದಿಹರೆಯದ ಹುಡುಗನೊಬ್ಬನನ್ನು ತಂದು ಕೂಡುತ್ತಾರೆ. ಅವನು ಬೇಹುಗಾರನಿರಬಹುದು, ಇಲ್ಲದಿರಲೂಬಹುದು. ಅವನನ್ನು ಕೊಲ್ಲಬೇಕು, ಇಲ್ಲವೇ ಜೊತೆಗೆ ಕರೆದೊಯ್ಯಬೇಕು, ಮೂರನೆಯ ದಾರಿಯಿಲ್ಲ. ಇಡೀ ಚಿತ್ರದ ಅತ್ಯಂತ ಬಿಗಿಯಾದ ಭಾಗ ಇದೇ ಎಂದು ನನ್ನ ಅಭಿಪ್ರಾಯ, ಮತ್ತು ಇದರಲ್ಲಿ ಯಾರೂ ದನಿ ಏರಿಸುವುದಿಲ್ಲ.

ಇಂಥ ಕೃತಿಗಳಲ್ಲಿ ಸದ್ದಿಗೆ ಇರುವ ಮಹತ್ವವನ್ನೂ ಇಲ್ಲಿಯೇ ಹೇಳಬೇಕು. ಸೆರೆಯಾದವನಿಗೆ ಹೊರಗಿನ ಲೋಕ ಕಾಣುವುದಿಲ್ಲ, ಕೇಳಿಸುತ್ತದೆ ಅಷ್ಟೇ. ಫೋಂತೆನ್ ತನ್ನ ಕಾಲಡಿಯ ಜಲ್ಲಿಕಲ್ಲಿನ ಸದ್ದನ್ನು ಹಾದುಹೋಗುವ ರೈಲಿನ ಸದ್ದಿನಲ್ಲಿ ಮುಚ್ಚಿ ನಡೆಯಬೇಕಾದ ರಾತ್ರಿ ಎಲ್ಲಿಂದಲೋ ಕಿರ್ರ್ ಕಿರ್ರ್ ಎಂಬ ಶಬ್ದ ಕೇಳಿಬರುತ್ತದೆ. ಅದೇನೆಂದು ಅವನಿಗೂ ತಿಳಿಯದು, ನಮಗೂ ತಿಳಿಯದು. ಬಹಳ ಹೊತ್ತಿನ ಮೇಲೆ, ಅದು ಗೋಡೆಗಳ ನಡುವೆ ಸುತ್ತು ಹಾಕುತ್ತಿರುವ ಪಹರೆಯವನ ಸೈಕಲ್ಲಿನ ಸದ್ದು ಎಂದು ಗೊತ್ತಾಗುತ್ತದೆ. ಎಣ್ಣೆ ಕಾಣದ ಒಂದು ಸೈಕಲ್ಲಿನಿಂದ ಇಷ್ಟು ಭಯ ಹುಟ್ಟಿಸಿದ ಇನ್ನೊಂದು ಚಿತ್ರವನ್ನು ನಾನು ಕಂಡಿಲ್ಲ.

ಲೆಕ್ಕವನ್ನು ಇನ್ನೂ ಕ್ರೂರವಾಗಿ ಕಿರಿದುಗೊಳಿಸಿದ ಚಿತ್ರ 2010ರ 'ಬರೀಡ್'. ನಿರ್ದೇಶಕ ಸ್ಪೇನಿನ ರೊಡ್ರಿಗೊ ಕೊರ್ಟೆಸ್, ನಟ ರಾಯನ್ ರೆನಾಲ್ಡ್ಸ್. ಇರಾಕ್‌ನಲ್ಲಿ ಗುತ್ತಿಗೆ ಕಂಪನಿಯೊಂದಕ್ಕೆ ಟ್ರಕ್ ಓಡಿಸುವ ಅಮೆರಿಕನ್ ಚಾಲಕ ಕಣ್ಣು ಬಿಟ್ಟಾಗ ಶವಪೆಟ್ಟಿಗೆಯಲ್ಲಿ ಮಲಗಿರುತ್ತಾನೆ, ಪೆಟ್ಟಿಗೆ ಮಣ್ಣಿನಡಿ ಇರುತ್ತದೆ. ಒಂದು ಲೈಟರ್, ಒಂದು ಮೊಬೈಲ್ ಫೋನ್, ಇನ್ನು ಕೆಲವು ಚಿಲ್ಲರೆ ವಸ್ತುಗಳು. ಲೈಟರ್ ಹಚ್ಚಿದರೆ ಬೆಳಕು ಬರುತ್ತದೆ, ಆದರೆ ಉರಿಯುವ ಜ್ವಾಲೆ ಅವನು ಉಸಿರಾಡಬೇಕಾದ ಗಾಳಿಯನ್ನೇ ತಿನ್ನುತ್ತದೆ. ಫೋನ್ ಮಾಡಿದರೆ ನೆರವು ಬರಬಹುದು, ಆದರೆ ಬ್ಯಾಟರಿ ಇಳಿಯುತ್ತದೆ. ಯಾವುದನ್ನು ಬಳಸಿದರೂ ಇನ್ನೊಂದು ಕಡೆ ಖರ್ಚು ಬೀಳುವ ಈ ಏರ್ಪಾಟನ್ನು ಚಿತ್ರ ಮೊದಲ ಕೆಲವು ನಿಮಿಷಗಳಲ್ಲೇ ನಮಗೆ ಮನದಟ್ಟು ಮಾಡಿಸಿ, ಆಮೇಲೆ ಕೊನೆಯವರೆಗೂ ಅದರಿಂದಲೇ ಬದುಕುತ್ತದೆ. ಬಾರ್ಸಿಲೋನಾದಲ್ಲಿ 17 ದಿನಗಳಲ್ಲಿ ಚಿತ್ರೀಕರಣ ಮುಗಿಸಿದರು. ಬೇರೆ ಬೇರೆ ಕೋನಗಳಿಗಾಗಿ ಏಳು ಶವಪೆಟ್ಟಿಗೆಗಳನ್ನು ಮಾಡಿಸಿಕೊಂಡಿದ್ದರು. ಫೋನಿನ ಪರದೆಯ ಮೇಲೆ ಬರುವ ವೀಡಿಯೊ ಒಂದನ್ನು ಬಿಟ್ಟರೆ ಹೊರಗಿನ ಒಂದು ದೃಶ್ಯವೂ ಇಲ್ಲ. ಲೈಟರಿನ ಹಳದಿ, ಫೋನಿನ ನೀಲಿ, ಆಮೇಲೆ ಸಿಗುವ ಬೆಳಕಿನ ಕಡ್ಡಿಗಳ ಹಸಿರು – ಬಣ್ಣ ಬದಲಾದಂತೆ ಅದೇ ಪೆಟ್ಟಿಗೆ ಬೇರೆಯೇ ಜಾಗದಂತೆ ಕಾಣುವುದನ್ನು ಗಮನಿಸಿ.

ಈ ಚಿತ್ರದಲ್ಲಿ ನನಗೆ ಅತಿ ಭಯಂಕರವೆನಿಸಿದ್ದು ಅಪಹರಣಕಾರನ ಬೆದರಿಕೆಯಲ್ಲ. ಆ ಚಾಲಕನ ಕಂಪನಿಯ ಅಧಿಕಾರಿಯೊಬ್ಬ ಫೋನಿನಲ್ಲಿ, ಸಂಭಾಷಣೆ ಧ್ವನಿಮುದ್ರಣವಾಗುತ್ತಿದೆ ಎಂದು ತಿಳಿಸಿ, ಅತ್ಯಂತ ಸಭ್ಯ ದನಿಯಲ್ಲಿ, ನಿಮ್ಮನ್ನು ಈಗಾಗಲೇ ಕೆಲಸದಿಂದ ತೆಗೆಯಲಾಗಿದೆ, ಆದ್ದರಿಂದ ವಿಮೆಯ ಹೊಣೆ ನಮ್ಮದಲ್ಲ ಎಂಬ ಅರ್ಥ ಬರುವಂತೆ ಪ್ರಶ್ನೆಗಳನ್ನು ಕೇಳುತ್ತಾ ಹೋಗುವ ದೃಶ್ಯವದು. ಪೆಟ್ಟಿಗೆಯ ಮುಚ್ಚಳ ಅದಕ್ಕಿಂತ ಮೆತ್ತಗಿತ್ತು ಎನಿಸುತ್ತದೆ. ಹಾವೊಂದು ಒಳಗೆ ನುಸುಳುವ ಪ್ರಸಂಗ ಮಾತ್ರ ನನಗೆ ಅನಗತ್ಯವೆನಿಸಿತು. ಅಲ್ಲಿ ಲೇಖಕರು ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟು ಹೊರಗಿನಿಂದ ಭಯವನ್ನು ಸಾಲ ತಂದಿದ್ದಾರೆ.

ನಮ್ಮ ದೇಶದ ಉದಾಹರಣೆ ಬೇಕೆಂದರೆ ವಿಕ್ರಮಾದಿತ್ಯ ಮೋಟ್ವಾನೆ ನಿರ್ದೇಶಿಸಿದ, 2017ರ ಮಾರ್ಚ್‌ನಲ್ಲಿ ತೆರೆಕಂಡ 'ಟ್ರ್ಯಾಪ್ಡ್' ಇದೆ. ಇಲ್ಲಿ ಅಪಹರಿಸಿದವರು ಯಾರೂ ಇಲ್ಲ. ಮುಂಬಯಿಯಲ್ಲಿ ಅವಸರಕ್ಕೆ ಬಾಡಿಗೆ ಮನೆ ಹುಡುಕುವ ಹುಡುಗನೊಬ್ಬನಿಗೆ ದಲ್ಲಾಳಿ ತೋರಿಸುವುದು ಜನವಸತಿಯೇ ಇಲ್ಲದ ಬಹುಮಹಡಿ ಕಟ್ಟಡದ 35ನೆಯ ಮಹಡಿಯ ಫ್ಲ್ಯಾಟ್. ಕಟ್ಟಡದ ಹೆಸರು ಸ್ವರ್ಗ. ಬೀಗದಕೈ ಹೊರಗೆ ಉಳಿದು ಬಾಗಿಲು ಹಾಕಿಕೊಳ್ಳುತ್ತದೆ. ಅಲ್ಲಿಂದ ಮುಂದೆ ವಿದ್ಯುತ್ ಹೋಗುತ್ತದೆ, ಫೋನ್ ಸಾಯುತ್ತದೆ, ನೀರು ಮುಗಿಯುತ್ತದೆ. ಕೆಳಗೆ ಲಕ್ಷಾಂತರ ಜನ ಓಡಾಡುವ ನಗರ, ಮೇಲೆ ಕೂಗಿದರೂ ಯಾರಿಗೂ ಕೇಳದ ಎತ್ತರ. ರಟ್ಟಿನ ಮೇಲೆ ನೆರವು ಬೇಡಿ ಬರೆಯಲು ಶಾಯಿ ಇಲ್ಲದೆ ತನ್ನ ರಕ್ತವನ್ನೇ ಬಳಸುವ, ಮಾಂಸ ಮುಟ್ಟದವನಾಗಿದ್ದೂ ಪಾರಿವಾಳವನ್ನು ಹಿಡಿದು ತಿನ್ನುವ ಹಂತಕ್ಕೆ ರಾಜ್‌ಕುಮಾರ್ ರಾವ್ ಅವರ ಪಾತ್ರ ಬರುವಷ್ಟರಲ್ಲಿ, ಪ್ರತಿಯೊಂದು ಮೆಟ್ಟಿಲನ್ನೂ ನಾವು ಕಂಡಿರುತ್ತೇವೆ. ಎಲ್ಲೂ ಹಾರಿ ಇಳಿದಂತೆ ಅನಿಸುವುದಿಲ್ಲ. ಈ ಚಿತ್ರವನ್ನು ಮಧ್ಯಂತರವಿಲ್ಲದೆ ತೋರಿಸಬೇಕೆಂಬುದು ನಿರ್ದೇಶಕರ ಅಪೇಕ್ಷೆಯಾಗಿತ್ತು, ಅದು ಸರಿಯೇ. ಸೆರೆಯಾದವನ ಬಾಯಾರಿಕೆಯನ್ನು ಅರ್ಧಕ್ಕೆ ನಿಲ್ಲಿಸಿ ನಾವು ಹೊರಗೆ ಹೋಗಿ ಕಾಫಿ ಕುಡಿದು ಬಂದರೆ ಕಟ್ಟಿದ್ದೆಲ್ಲ ಸಡಿಲವಾಗುತ್ತದೆ.

ಸೆರೆ ಹಿಡಿದವರೂ ಅದೇ ಕೋಣೆಗೆ ಬಂದುಹೋಗುವ ಕಥೆಗಳ ರೀತಿ ಬೇರೆ. ಅಲ್ಲಿ ಲೆಕ್ಕ ಹಾಕಬೇಕಾದದ್ದು ನೀರು, ಗಾಳಿಗಿಂತ ಹೆಚ್ಚಾಗಿ ಇನ್ನೊಬ್ಬರ ಮನಸ್ಸನ್ನು. ಸ್ಟೀಫನ್ ಕಿಂಗ್ ಅವರ 1987ರ ಕಾದಂಬರಿ 'ಮಿಸರಿ' ಇದಕ್ಕೆ ಮಾದರಿ. ಅಪಘಾತದಲ್ಲಿ ಕಾಲು ಮುರಿದುಕೊಂಡ ಕಾದಂಬರಿಕಾರನನ್ನು ಅವನ ಪರಮ ಅಭಿಮಾನಿಯಾದ ಮಾಜಿ ನರ್ಸ್ ತನ್ನ ಒಂಟಿ ಮನೆಯಲ್ಲಿ ಇಟ್ಟುಕೊಂಡು, ಅವನು ಕೊಂದುಹಾಕಿದ ನಾಯಕಿಯನ್ನು ಮತ್ತೆ ಬದುಕಿಸಿ ಬರೆ ಎಂದು ಕೂರಿಸುತ್ತಾಳೆ. ಕೊಡುವ ಬೆರಳಚ್ಚು ಯಂತ್ರದಲ್ಲಿ ಒಂದು ಅಕ್ಷರದ ಕೀಲಿಯೇ ಇಲ್ಲ. ರಾಬ್ ರೈನರ್ 1990ರಲ್ಲಿ ಇದನ್ನು ಚಿತ್ರವಾಗಿಸಿದರು, ಕ್ಯಾಥಿ ಬೇಟ್ಸ್ ಅವರಿಗೆ ಆ ಪಾತ್ರಕ್ಕಾಗಿ ಆಸ್ಕರ್ ಬಂತು. ಅವಳು ಊರಿಗೆ ಹೋದಾಗ ಗಾಲಿಕುರ್ಚಿಯಲ್ಲಿ ಹೊರಬಿದ್ದು ಮನೆಯಲ್ಲಿ ಓಡಾಡುವ ಅವನ ಕೈ ತಗುಲಿ ಪಿಂಗಾಣಿಯ ಪೆಂಗ್ವಿನ್ ಗೊಂಬೆಯೊಂದು ಬೀಳುತ್ತದೆ. ಅವನು ಅದನ್ನು ಹಿಡಿದು ಇದ್ದಲ್ಲೇ ಇಡುತ್ತಾನೆ, ಆದರೆ ಅದರ ಮುಖ ಬೇರೆ ದಿಕ್ಕಿಗಿರುತ್ತದೆ. ಅದು ಯಾವಾಗಲೂ ದಕ್ಷಿಣಕ್ಕೇ ಮುಖ ಮಾಡಿರುತ್ತಿತ್ತು ಎಂದು ಅವಳು ಹೇಳುವ ಮೊದಲೇ ನಮ್ಮ ಎದೆ ಕುಸಿದಿರುತ್ತದೆ. ಚಿತ್ರದಲ್ಲಿ ಅವನನ್ನು ಹುಡುಕುವ ಒಬ್ಬ ಪೊಲೀಸ್ ಅಧಿಕಾರಿಯ ಕಥೆಯನ್ನು ಬೆಳೆಸಿದ್ದಾರೆ. ಅದು ಸೊಗಸಾಗಿಯೇ ಇದೆ. ಆದರೂ ನೋಡುವವರಿಗೆ ಉಸಿರು ಬಿಡಲು ಕಿಟಕಿ ತೆರೆದಂತಾಯಿತು. ಕಾದಂಬರಿಯಲ್ಲಿ ಆ ಕಿಟಕಿ ಇಲ್ಲ, ಆದ್ದರಿಂದ ನನ್ನ ಮತ ಕಾದಂಬರಿಗೆ.

ಎಮಾ ಡೋನಹ್ಯೂ ಅವರ 'ರೂಮ್' ಕಾದಂಬರಿಯನ್ನು (2010) ಥ್ರಿಲ್ಲರ್ ಎನ್ನಬಹುದೇ ಎಂದು ಕೆಲವರು ತಕರಾರು ತೆಗೆಯುತ್ತಾರೆ. ಹನ್ನೊಂದು ಅಡಿಗೆ ಹನ್ನೊಂದು ಅಡಿಯ ಕೋಣೆಯಲ್ಲೇ ಹುಟ್ಟಿ ಬೆಳೆದ ಐದು ವರ್ಷದ ಹುಡುಗನ ಮಾತಿನಲ್ಲಿ ಇಡೀ ಕಥೆಯಿದೆ. ಅವನಿಗೆ ತಾನು ಸೆರೆಯಲ್ಲಿದ್ದೇನೆ ಎಂಬುದೇ ಗೊತ್ತಿಲ್ಲ. ಅವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿರುವುದರಿಂದ ಅವನ ಒಂದೊಂದು ಸಂತೋಷದ ಮಾತೂ ನಮಗೆ ಚುಚ್ಚುತ್ತದೆ. ಸುಮಾರು ಅರ್ಧದಲ್ಲೇ ಅವನೂ ಅವನ ತಾಯಿಯೂ ಹೊರಬರುತ್ತಾರೆ ಎಂದು ಹೇಳಿದರೆ ನಾನು ರಹಸ್ಯ ಬಯಲು ಮಾಡಿದಂತಾಗದು, ಏಕೆಂದರೆ ಉಳಿದರ್ಧವೇ ಹೆಚ್ಚು ಕಷ್ಟದ್ದು.

ಕ್ಯಾಮೆರಾ ಹೊರಗೆ ಹೋದರೆ ಬಿಗಿ ಸಡಿಲುತ್ತದೆ ಎಂದು ಇಷ್ಟು ಹೊತ್ತು ವಾದಿಸಿದ ನನ್ನನ್ನು ಕೊಂಚ ಯೋಚನೆಗೆ ಹಚ್ಚಿದ್ದು ಮಾತುಕುಟ್ಟಿ ಕ್ಸೇವಿಯರ್ ಅವರ 2019ರ ಮಲಯಾಳಂ ಚಿತ್ರ 'ಹೆಲೆನ್'. ಹೋಟೆಲಿನ ಶೀತಲ ಕೋಠಿಯಲ್ಲಿ ರಾತ್ರಿ ಸಿಕ್ಕಿಬೀಳುವ ಹುಡುಗಿಯಾಗಿ ಅನ್ನಾ ಬೆನ್ ಅಭಿನಯಿಸಿದ್ದಾರೆ. ಚೊಚ್ಚಲ ನಿರ್ದೇಶನಕ್ಕೂ ಪ್ರಸಾಧನಕ್ಕೂ ರಾಷ್ಟ್ರಪ್ರಶಸ್ತಿ ಬಂದಿದೆ; ಹಿಂದಿಯಲ್ಲಿ 'ಮಿಲಿ' ಎಂಬ ಹೆಸರಿನಲ್ಲಿ ಮರುನಿರ್ಮಾಣವೂ ಆಯಿತು. ಇದು ಅರ್ಧ ಕಾಲ ಹೊರಗೇ ಇರುತ್ತದೆ: ಮಗಳನ್ನು ಹುಡುಕುವ ತಂದೆ, ಠಾಣೆಯಲ್ಲಿ ತನ್ನ ಹಟವನ್ನೇ ದೊಡ್ಡದು ಮಾಡಿಕೊಂಡ ಪೊಲೀಸ್ ಅಧಿಕಾರಿ. ಆದರೆ ಇಲ್ಲಿ ಹೊರಗಿನ ದೃಶ್ಯಗಳು ನಮಗೆ ಬಿಡುವು ಕೊಡುವುದಿಲ್ಲ. ಠಾಣೆಯಲ್ಲಿ ವ್ಯರ್ಥವಾಗುವ ಒಂದೊಂದು ಗಳಿಗೆಯನ್ನೂ ನಾವು ಒಳಗಿನ ಚಳಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತಿರುತ್ತೇವೆ. ಹಾಗಾಗಿ ಹೊರಗೆ ಹೋಗುವುದು ತಪ್ಪಲ್ಲ, ಹೋದಾಗ ಒಳಗಿನ ಗಡಿಯಾರ ನಿಲ್ಲಬಾರದು. ಬಾಲ್ಯದ ನೆನಪು, ಹಳೆಯ ಪ್ರೇಮಗೀತೆ ಎಂದು ಹಿಂದಕ್ಕೆ ಓಡುವ ಚಿತ್ರಗಳು ಎಡವುವುದು ಇಲ್ಲೇ.

ಕನ್ನಡದಲ್ಲಿ ಸುನೀಲ್ ಕುಮಾರ್ ದೇಸಾಯಿಯವರ 1993ರ 'ನಿಷ್ಕರ್ಷ' ನೆನಪಾಗುತ್ತದೆ. ಆದರೆ ಅದು ಬ್ಯಾಂಕಿನೊಳಗೆ ಹಲವರು ಒತ್ತೆಯಾಳುಗಳಾಗಿರುವ, ಕಮಾಂಡೊ ಕಾರ್ಯಾಚರಣೆಯ ಚಿತ್ರ. ಅದರ ಬಿಗಿ ಬೇರೆ ಜಾತಿಯದು. ಒಬ್ಬನೇ, ಒಂದೇ ಕೋಣೆ ಎಂಬ ನಿಮ್ಮ ಷರತ್ತಿಗೆ ಅದು ಹೊಂದುವುದಿಲ್ಲ.

ಆರಂಭಕ್ಕೆ 'ಟ್ರ್ಯಾಪ್ಡ್' ನೋಡಿ. ಅದರ ಮನೆ, ದಲ್ಲಾಳಿ, ಬಾಡಿಗೆಯ ಅವಸರ ಎಲ್ಲವೂ ನಮಗೆ ಪರಿಚಿತವಾದ್ದರಿಂದ ಒಳಹೊಕ್ಕುವುದು ಸುಲಭ. ಆಮೇಲೆ 'ಎ ಮ್ಯಾನ್ ಎಸ್ಕೇಪ್ಡ್'. ಅದು ಕಪ್ಪುಬಿಳುಪಿನದು, ನಿಧಾನದ್ದು, ಮೊದಲ ಕಾಲು ಗಂಟೆ ತಾಳ್ಮೆ ಬೇಕು. ಇಯರ್‌ಫೋನ್ ಹಾಕಿಕೊಂಡು, ನಡುವೆ ನಿಲ್ಲಿಸದೆ ನೋಡಿದರೆ ಆ ಸದ್ದುಗಳು ನಿಮಗೆ ದಕ್ಕುತ್ತವೆ. 'ಬರೀಡ್' ಅನ್ನು ಕೊನೆಗೆ ಇಟ್ಟುಕೊಳ್ಳಿ. ಮುಚ್ಚಿದ ಲಿಫ್ಟಿನಲ್ಲಿ ಎದೆ ಢವಢವ ಎನ್ನುವ ಸ್ವಭಾವ ನಿಮ್ಮದಾದರೆ ಅದನ್ನು ನೋಡದಿರುವುದೇ ಒಳ್ಳೆಯದು, 'ಮಿಸರಿ'ಯನ್ನು ಓದಿ.